ನಾನೂರು ಮಂದಿಯ ದ್ವೀಪಕ್ಕೆ ನಲವತ್ತು ಮಂದಿಯ ತಂಡವೇಕೆ?

ಸಂಘದ ಸಾಮೂಹಿಕ ಪ್ರವಾಸಕ್ಕೆ ಈ ಬಾರಿ ಲಾರ್ಡ್ ಹೌ ದ್ವೀಪವನ್ನು ಆರಿಸಿಕೊಳ್ಳಬೇಕೆಂಬ ಸಲಹೆ ಕೆಲವು ಸದಸ್ಯರಿಂದ ಬಂದಿದೆ. ಸ್ಥಳದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ನಲವತ್ತು ಜನ ಒಟ್ಟಾಗಿ ಅಲ್ಲಿಗೆ ತೆರಳುವುದನ್ನು ನಾವು ಒಪ್ಪಲಾರೆವು. ಅಲ್ಲಿಗೆ ಒಂದೊಂದು ಕುಟುಂಬವೂ ತನ್ನಷ್ಟಕ್ಕೆ ತಾನೇ ಹೋಗಿಬರುವುದು ಉಚಿತ.

ಸಿಡ್ನಿಯಿಂದ ಸುಮಾರು ಎರಡು ಗಂಟೆಯ ವಿಮಾನಯಾನದಷ್ಟು ದೂರದಲ್ಲಿರುವ ಈ ದ್ವೀಪದ ಉದ್ದ ಹತ್ತು ಕಿಲೋಮೀಟರು; ನಿವಾಸಿಗಳು ನಾನೂರರ ಆಸುಪಾಸು. ಒಂದು ವೇಳೆಗೆ 400ಕ್ಕಿಂತ ಹೆಚ್ಚು ಪ್ರವಾಸಿಗರಿಗೆ ಅಲ್ಲಿ ಅವಕಾಶವಿಲ್ಲ. ಅಂದರೆ ನಮ್ಮ ಒಂದು ತಂಡವೇ ಆ ಮಿತಿಯ ಹತ್ತನೆಯ ಒಂದು ಭಾಗವನ್ನು ಆಕ್ರಮಿಸಿಬಿಡುತ್ತದೆ! ಊಟದ ಹೊತ್ತಿಗೆ ಹಾಜರಿ ಕರೆಯುತ್ತ, ಅಂತ್ಯಾಕ್ಷರಿ ಹಾಡುತ್ತ ಸಾಗುವ ನಮ್ಮ ಪ್ರವಾಸಗಳ ಸಂಭ್ರಮಕ್ಕೆ ಬೇರೆ ಊರುಗಳು ಬೇಕಾದಷ್ಟಿವೆ.

ಈ ಮಿತಿಯನ್ನು ಸಿರಿವಂತರ ಬಿಂಕವೆಂದು ಜರೆಯುವವರಿದ್ದಾರೆ. ದ್ವೀಪದ ಖರ್ಚು ಹೆಚ್ಚೆಂಬುದು ನಿಜ, ಎಲ್ಲರಿಗೂ ಎಟುಕುವಂಥದಲ್ಲ. ಆದರೂ ಅಲ್ಲಿನ ಇತಿಹಾಸವನ್ನು ನೋಡಬೇಕು. 1918ರಲ್ಲಿ ಮಕಾಂಬೊ ಎಂಬ ಹಡಗು ದಡಕ್ಕೆ ತಾಗಿ ನಿಂತಾಗ ಅದರಲ್ಲಿದ್ದ ಇಲಿಗಳು ದ್ವೀಪವನ್ನು ಸೇರಿದವು. ಬೇರೆಲ್ಲಿಯೂ ಇರದ ಹಲವು ಬಗೆಯ ಹಕ್ಕಿಗಳು ಮುಂದಿನ ಕೆಲವೇ ವರ್ಷಗಳಲ್ಲಿ ನಿರ್ನಾಮವಾದವು. ಹಾರಲಾರದ ವುಡ್‌ಹೆನ್ ಎಂಬ ಕಂದು ಹಕ್ಕಿ 1970ರ ದಶಕದ ವೇಳೆಗೆ ಮೂವತ್ತರಷ್ಟು ಮಾತ್ರ ಉಳಿದಿತ್ತು. ಗೂಡುಗಳಲ್ಲಿಟ್ಟು ಮರಿಮಾಡಿಸಿ ಅದರ ಸಂತತಿಯನ್ನು ಉಳಿಸಲಾಯಿತು. 2019ರಲ್ಲಿ ಇಲಿಗಳ ನಿರ್ಮೂಲನ ಕಾರ್ಯಾಚರಣೆ ನಡೆದ ಮೇಲೆ ಅದು ಇನ್ನಷ್ಟು ಹೆಚ್ಚಿತು. ಒಂದು ಹಡಗಿನ ಇಲಿಗಳು ಮಾಡಿದ ಹಾನಿಯನ್ನು ಸರಿಪಡಿಸಲು ಶತಮಾನವೇ ಹಿಡಿದ ಊರಿನವರು ಬಾಗಿಲನ್ನು ಅರ್ಧವೇ ತೆರೆದರೆ ಅದನ್ನು ಜಂಬವೆನ್ನಲಾದೀತೆ? ಕಾಡಿನ ದಾರಿಗೆ ಕಾಲಿಡುವ ಮುನ್ನ ಬೂಟಿನ ಮಣ್ಣನ್ನು ಉಜ್ಜಿ ತೆಗೆಯಬೇಕೆಂಬ ನಿಯಮವೂ ಇಂಥ ಎಚ್ಚರದ್ದೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಸಂಘದ ಆರೋಗ್ಯ ಶಿಬಿರಗಳಲ್ಲಿ ಕುಳಿತುಕೊಳ್ಳುವ ನಮಗೆ ಇನ್ನೊಂದು ಕಾರಣವೂ ಕಾಣುತ್ತದೆ. ಊರಿನಿಂದ ಮೂರು ತಿಂಗಳ ಮಟ್ಟಿಗೆ ಬರುವ ತಂದೆತಾಯಂದಿರು ರಕ್ತದೊತ್ತಡ ತೋರಿಸಲು ಬಂದು ಅರ್ಧ ಗಂಟೆ ಮಾತನಾಡುತ್ತಾರೆ. ಮಕ್ಕಳು ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ, ಎಲ್ಲ ಕಡೆಗೂ ಕರೆದೊಯ್ಯುತ್ತಾರೆ. ಆದರೆ ಮಗನ ಜೊತೆ ನಿಧಾನವಾಗಿ ಕೂತು ಮಾತನಾಡಿದ್ದು ಯಾವಾಗಲೆಂದು ಕೇಳಿದರೆ ಉತ್ತರ ತಡವಾಗಿ ಬರುತ್ತದೆ. ಗಂಟೆಗೆ 25 ಕಿಲೋಮೀಟರಿಗಿಂತ ವೇಗವಾಗಿ ವಾಹನ ಓಡಿಸಬಾರದ, ಜನ ಸೈಕಲ್ಲಿನಲ್ಲಿಯೇ ಓಡಾಡುವ ಊರಿನಲ್ಲಿ ಮಗನಿಗೆ ಓಡಿಹೋಗಲು ಜಾಗವಿಲ್ಲ. ನೆಡ್ಸ್ ಬೀಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತರೆ ಮೀನುಗಳು ಸುತ್ತ ನೆರೆಯುತ್ತವೆ. ಅಷ್ಟನ್ನು ನೋಡುವುದಕ್ಕೆ ಮಾರ್ಗದರ್ಶಿಯಾಗಲಿ ವೇಳಾಪಟ್ಟಿಯಾಗಲಿ ಬೇಡ. 875 ಮೀಟರ್ ಎತ್ತರದ ಗೋವರ್ ಬೆಟ್ಟಕ್ಕೆ ಮಾತ್ರ ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಹೋಗುವಂತಿಲ್ಲ. ಅದು ಇಡೀ ದಿನದ ಕಷ್ಟದ ಏರು, ಹಗ್ಗ ಹಿಡಿದು ಸಾಗಬೇಕಾದ ಕಡೆಗಳೂ ಇವೆ; ಮಂಡಿನೋವಿನವರು ಕೆಳಗಿನಿಂದಲೇ ನೋಡಿ ಸಂತೋಷಪಡಲಿ.

ಸ್ವತಂತ್ರವಾಗಿ ಹೋಗುವುದೆಂದರೆ ಸಿದ್ಧತೆಯಿಲ್ಲದೆ ಹೋಗುವುದಲ್ಲ. ದ್ವೀಪದಲ್ಲಿರುವುದು ಒಂದು ಸಣ್ಣ ಆಸ್ಪತ್ರೆ. ಸ್ಥಿತಿ ಗಂಭೀರವಾದರೆ ರೋಗಿಯನ್ನು ವಿಮಾನದಲ್ಲಿಯೇ ಮುಖ್ಯಭೂಮಿಗೆ ಸಾಗಿಸಬೇಕು. ಗಾಳಿ ಎದ್ದರೆ ವಿಮಾನ ಇಳಿಯದಿರುವುದೂ ಉಂಟು. ಆದ್ದರಿಂದ ಐದು ದಿನದ ಪ್ರವಾಸಕ್ಕೆ ಹತ್ತು ದಿನದ ಮಾತ್ರೆಗಳು ಕೈಚೀಲದಲ್ಲಿರಲಿ. ಇನ್ಸುಲಿನ್ ಎಂದಿಗೂ ದೊಡ್ಡ ಪೆಟ್ಟಿಗೆಗೆ ಹೋಗಕೂಡದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರು ಬರಿಗಾಲಿನಲ್ಲಿ ನೀರಿಗಿಳಿಯಬಾರದು. ಹವಳದಿಂದಾದ ಗೀರು ನೋಯುವುದಿಲ್ಲ, ಕೀವಾದ ಮೇಲೆಯೇ ತಿಳಿಯುತ್ತದೆ. ಇತ್ತೀಚೆಗೆ ಎದೆನೋವು ಕಂಡವರು, ಸ್ಟೆಂಟ್ ಹಾಕಿಸಿಕೊಂಡವರು ತಮ್ಮ ವೈದ್ಯರನ್ನು ಕೇಳದೆ ಟಿಕೆಟ್ ಕೊಳ್ಳುವುದು ಬೇಡ.

ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ವಿನಂತಿ ಇಷ್ಟೆ: ಸಾಮೂಹಿಕ ಪ್ರವಾಸವನ್ನು ಬೇರೆ ಊರಿಗೆ ಬದಲಾಯಿಸಿರಿ. ದ್ವೀಪಕ್ಕೆ ಹೋಗಬಯಸುವ ಕುಟುಂಬಗಳು ಬೇರೆಬೇರೆ ವಾರಗಳಲ್ಲಿ ಹೋಗಲಿ. ಅವರ ಹಿರಿಯರ ಔಷಧಪಟ್ಟಿಯನ್ನು ಹೊರಡುವ ಮುನ್ನ ಶಿಬಿರದಲ್ಲಿ ಪರಿಶೀಲಿಸಿಕೊಡಲು ನಾವು ಸಿದ್ಧರಿದ್ದೇವೆ.