ಬೇಇಮಾನ ಯಾರು?

ಹುಬ್ಬಳ್ಳಿ-ಧಾರವಾಡ ಹಾದಿಯ ರಾಯಾಪುರದಲ್ಲಿ ‘ಬೇಇಮಾನ’ ಎಂಬ ಬೈಗುಳಕ್ಕೆ ಬರವಿಲ್ಲ. ಉದ್ರಿ ತೀರಿಸದ ಕಾಮಗಾರನನ್ನು ಅಂಗಡಿಕಾರನು ಹಾಗೆ ಕರೆಯುತ್ತಾನೆ. ತೂಕದಲ್ಲಿ ಹೊಡೆದ ಅಂಗಡಿಕಾರನನ್ನು ಕಾಮಗಾರನು ಹಾಗೆ ಕರೆಯುತ್ತಾನೆ. ಈ ಮಾತಿನ ತೂಕವನ್ನೇ ಒಮ್ಮೆ ನೋಡುವುದು ಅವಶ್ಯವೆಂದು ನಾವು ತಿಳಿಯುತ್ತೇವೆ.

‘ಈಮಾನ್’ ಅರಬ್ಬಿ ಶಬ್ದ, ನಂಬಿಕೆ ಎಂದರ್ಥ. ‘ಬೇ’ ಫಾರಸಿಯದು, ಇಲ್ಲದ ಎಂದರ್ಥ. ‘ಬೇಕಾರ’ದಲ್ಲಿರುವುದೂ ಇದೇ. ರಾತ್ರಿ ಕನ್ನ ಹಾಕಿದವನು ಕಳ್ಳ. ಅವನನ್ನು ನಾವು ನಂಬಿಯೇ ಇರಲಿಲ್ಲ. ನಂಬಿ ಕೈಗೆ ಕೊಟ್ಟದ್ದನ್ನು ನುಂಗಿದವನು ಬೇಇಮಾನ.

ಕಾಯದೆಯೂ ಇದನ್ನು ಬಲ್ಲದು. ಒಬ್ಬನಿಗೆ ಅನ್ಯಾಯದ ಲಾಭ ಇಲ್ಲವೆ ಇನ್ನೊಬ್ಬನಿಗೆ ಅನ್ಯಾಯದ ಹಾನಿ ಮಾಡುವ ಉದ್ದೇಶವೇ ಅಪ್ರಾಮಾಣಿಕತೆ ಎಂದು 1860ರ ದಂಡ ಸಂಹಿತೆ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ. ಅದರ ಹಿಂದಿ ಪ್ರತಿಯಲ್ಲಿರುವ ಶಬ್ದ ನಮ್ಮ ಓಣಿಯ ‘ಬೇಇಮಾನಿ’ಯೇ. ಉದ್ದೇಶವೇ ಇಲ್ಲಿ ಮುಖ್ಯ. ಪಗಾರವಾಗದೆ ಉದ್ರಿ ಉಳಿಸಿಕೊಂಡವನು ಬಡವ, ಬೇಇಮಾನನಲ್ಲ. ಕೈಯಲ್ಲಿ ಹಣವಿದ್ದೂ ಅಂಗಡಿ ತಪ್ಪಿಸಿ ತಿರುಗುವವನು, ತಕ್ಕಡಿಯಲ್ಲಿ ಕೈಚಳಕ ತೋರುವವನು ಆ ಹೆಸರಿಗೆ ಪಾತ್ರರು. ಅವರು ನಮ್ಮವರೆಂದು ನಾವು ಮುಚ್ಚಿಡುವುದಿಲ್ಲ.

ಆದರೆ ದೊಡ್ಡ ಬೇಇಮಾನಿ ಓಣಿಯಲ್ಲಿ ನಡೆಯುವುದಿಲ್ಲ. 1973ರಲ್ಲಿ ದಂಡ ಸಂಹಿತೆಗೆ ಒಂದು ವಿವರಣೆ ಸೇರಿತು. ಭವಿಷ್ಯ ನಿಧಿಗೆಂದು ಕಾಮಗಾರನ ಪಗಾರದಲ್ಲಿ ಮುರಿದುಕೊಂಡ ಹಣವು ಮಾಲಿಕನ ಕೈಯಲ್ಲಿ ನಂಬಿ ಇಟ್ಟ ಹಣ. ಅದನ್ನು ನಿಧಿಗೆ ಕಟ್ಟದಿದ್ದರೆ ಅಪ್ರಾಮಾಣಿಕವಾಗಿ ಬಳಸಿದಂತೆಯೇ ಸರಿ ಎಂದು ಅದರ ತಾತ್ಪರ್ಯ. ಹೊಸ ಸಂಹಿತೆಯ 316ನೆಯ ಕಲಮಿನಲ್ಲಿಯೂ ಅದು ಉಳಿದಿದೆ. ಅಂಥ ಮಾಲಿಕನಿಗೆ ನಾವು ಏನೆನ್ನುತ್ತೇವೆ? ‘ಸಾಹುಕಾರರಿಗೆ ಸ್ವಲ್ಪ ಅಡಚಣೆಯಂತೆ!’ ನೂರು ರೂಪಾಯಿ ಉದ್ರಿಯವನು ಬೇಇಮಾನ. ನೂರು ಜನರ ಮುಪ್ಪಿನ ಗಂಟು ನುಂಗಿದವನು ಅಡಚಣೆಯಲ್ಲಿದ್ದವನು. ಇದಾವ ನ್ಯಾಯ?

ಕಾಮಗಾರ ಬಂಧುಗಳೇ, ಪಗಾರ ಚೀಟಿಯಲ್ಲಿ ಮುರಿದದ್ದನ್ನೂ ನಿಧಿಯ ಪಾಸಬುಕ್ಕಿನಲ್ಲಿ ಜಮೆಯಾದದ್ದನ್ನೂ ತಿಂಗಳಿಗೊಮ್ಮೆ ತಾಳೆ ನೋಡಿರಿ. ತಾಳೆಯಾಗದಿದ್ದರೆ ಒಬ್ಬೊಬ್ಬರೇ ಗೊಣಗದೆ, ಒಟ್ಟಾಗಿ ನವನಗರದ ಭವಿಷ್ಯ ನಿಧಿ ಕಚೇರಿಗೆ ಲಿಖಿತ ತಕರಾರು ಕೊಡಿರಿ. ಅಂಗಡಿಕಾರ ಬಂಧುಗಳೇ, ಕಾಮಗಾರನ ಹಣ ಮೇಲೆ ಸಿಕ್ಕಿಬಿದ್ದರೆ ನಿಮ್ಮ ಉದ್ರಿಯೂ ಅಲ್ಲಿಯೇ ಸಿಕ್ಕಿಬಿದ್ದಂತೆ. ಅವರ ತಕರಾರಿಗೆ ನೀವೂ ಬೆಂಬಲವಾಗಿ ನಿಲ್ಲಿರಿ.

ಬೇಇಮಾನ ಎಂಬ ಮಾತನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅದನ್ನು ಸಲ್ಲಬೇಕಾದವರಿಗೆ ಸಲ್ಲಿಸಿರಿ ಎನ್ನುತ್ತೇವೆ.