ಅಂಗೈ ನಾಯಿಯ ಬೆಲೆ ಯಾರು ಕಟ್ಟಿದ್ದು?

ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ದೇವಸಮುದ್ರ ಹೋಬಳಿಯಲ್ಲಿ ನಾಯಿಗೆ ಬೆಲೆ ಕಟ್ಟಿದವರಿಲ್ಲ. ಕುರಿಹಟ್ಟಿಯಲ್ಲಿ ಮರಿ ಹಾಕಿದ್ದರೆ ಹೋಗಿ ಕೇಳುವುದು, ಚುರುಕಾದ್ದೊಂದನ್ನು ಆರಿಸಿ ಟವಲಿನಲ್ಲಿ ಸುತ್ತಿಕೊಂಡು ಬರುವುದು, ಅಷ್ಟೇ. ದುಡ್ಡು ಕೊಡ್ತೀನಿ ಅಂದರೆ ಕುರಿಗಾಹಿ ಮುಖ ನೋಡಿ ನಗುತ್ತಾನೆ. ಆ ನಾಯಿ ತೋಳಕ್ಕೆ ಎದುರು ನಿಲ್ಲುತ್ತದೆ, ಮುದ್ದೆ ತಿಂದು ಬದುಕುತ್ತದೆ, ಬಿಸಿಲಿಗೆ ಜಾಲಿ ನೆರಳು ಹುಡುಕಿಕೊಳ್ಳುತ್ತದೆ.

ಅಂಥ ಊರಿನಲ್ಲೇ ಈಗ ಹುಡುಗರ ಬಾಯಲ್ಲಿ ಬೇರೆ ಮಾತು. ಅಂಗೈಯಲ್ಲಿ ಕೂರುವ ನಾಯಿಗೆ ಬೆಂಗಳೂರಿನಲ್ಲಿ 50 ಸಾವಿರವಂತೆ, ಲಕ್ಷವಂತೆ, ಒಂದೂವರೆ ಲಕ್ಷವಂತೆ. "ಚಿಕ್ಕಪ್ಪ, ಒಂದು ಜೊತೆ ತಂದ್ರೆ ಸಾಕು, ವರ್ಷಕ್ಕೆ ಆರು ಮರಿ. ಶೇಂಗಾ ನಂಬ್ಕೊಂಡು ಎಷ್ಟು ದಿನ ಇರೋದು?" ಅಂತ ನಮ್ಮ ಪಕ್ಕದ ಹೊಲದ ಹುಡುಗ ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ. ಮಳೆ ಕೈಕೊಟ್ಟ ವರ್ಷ ಬಿತ್ತನೆ ಬೀಜದ ದುಡ್ಡೂ ಹುಟ್ಟದ ಸೀಮೆ ನಮ್ಮದು. ಆದರೆ ಆ ಜೊತೆ ತರಲು ಅವನು ಮಾರಬೇಕೆಂದಿದ್ದದ್ದು ಕುರಿಗಳನ್ನು. ಅದಕ್ಕೇ ಈ ಲೆಕ್ಕ ಬರೆಯುತ್ತಿದ್ದೇನೆ.

ಮೊದಲು ಕೊಳ್ಳುವ ಬೆಲೆ

ತಲಾ 80 ಸಾವಿರದಂತೆ ಒಂದು ಜೊತೆ, 1 ಲಕ್ಷ 60 ಸಾವಿರ ಎನ್ನೋಣ. ಎರಡು ತಿಂಗಳ ಮರಿಗಳು. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸುವುದಕ್ಕೂ ಮಾರುವುದಕ್ಕೂ ನಿಯಮ ಮಾಡಿದೆ. ಅದರ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣಿಗೆ 18 ತಿಂಗಳಾಗುವ ತನಕ ಮರಿ ಮಾಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಒಟ್ಟು ಐದು, ಎಂಟು ವರ್ಷ ದಾಟಿದ ಮೇಲೆ ಇಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು.

ಈಗ ಎಣಿಸಿ. ತಂದ ಹೆಣ್ಣು ಮರಿ ಹದಕ್ಕೆ ಬರಲು 16 ತಿಂಗಳು. ಗರ್ಭ ಎರಡು ತಿಂಗಳು, 63 ದಿನ ಅನ್ನಿ. ಹುಟ್ಟಿದ ಮರಿ ಮಾರಾಟಕ್ಕೆ ಬರಲು ಮತ್ತೆರಡು ತಿಂಗಳು. ಅಂದರೆ ಮೊದಲ ರೂಪಾಯಿ ಕಾಣಲು 20 ತಿಂಗಳು. ಅಷ್ಟು ದಿನ ಎರಡು ನಾಯಿಗೂ ಅಂಗಡಿಯ ಆಹಾರ, ಪಾರ್ವೋ ಕಾಯಿಲೆಯ ಲಸಿಕೆ, ಹುಚ್ಚುನಾಯಿ ರೋಗದ ಲಸಿಕೆ, ಜಂತಿನ ಔಷಧ. ಇದರಲ್ಲಿ ಯಾವುದನ್ನು ಬಿಟ್ಟರೂ ಲಕ್ಷದ ಮರಿ ಒಂದೇ ವಾರದಲ್ಲಿ ಮಣ್ಣಾಗಬಹುದು.

ಆಮೇಲೆ ಆರು ಮರಿಯ ಮಾತು. ಊರನಾಯಿ ಆರು ಹಾಕುತ್ತದೆ ನಿಜ. ಈ ಪುಟ್ಟ ತಳಿಗಳ ಹೊಟ್ಟೆಯಲ್ಲಿ ಜಾಗವೇ ಇಲ್ಲ. ಒಂದು, ಎರಡು, ಹೆಚ್ಚೆಂದರೆ ಮೂರು ನಾಲ್ಕು. ಮರಿಯ ತಲೆ ದೊಡ್ಡದು, ತಾಯಿಯ ದಾರಿ ಸಣ್ಣದು. ಹಾಗಾಗಿ ಎಷ್ಟೋ ಸಲ ಹೊಟ್ಟೆ ಕೊಯ್ದೇ ತೆಗೆಯಬೇಕು. ರಾತ್ರಿ ಹನ್ನೊಂದಕ್ಕೆ ನೋವು ಶುರುವಾದರೆ ನಮ್ಮ ಹೋಬಳಿಯಿಂದ ಎಲ್ಲಿಗೆ ಓಡುವುದು? ಚಿತ್ರದುರ್ಗಕ್ಕೋ ಬಳ್ಳಾರಿಗೋ? ಬಾಡಿಗೆ ಕಾರಿನ ಖರ್ಚು, ಶಸ್ತ್ರಚಿಕಿತ್ಸೆಯ ಖರ್ಚು ಸೇರಿದರೆ ಒಂದು ಮರಿಯ ದುಡ್ಡು ಅಲ್ಲೇ ಹೋಯಿತು.

ಸಣ್ಣದಾದಷ್ಟೂ ದುಬಾರಿ, ಸಣ್ಣದಾದಷ್ಟೂ ದುರ್ಬಲ

'ಟೀ ಕಪ್' ನಾಯಿ ಅಂತ ಒಂದು ಹೆಸರು ಕೇಳಿರಬಹುದು. ಹಾಗೊಂದು ತಳಿಯೇ ಇಲ್ಲ. ತಳಿಗಳನ್ನು ದಾಖಲಿಸುವ ದೊಡ್ಡ ಕೆನಲ್ ಕ್ಲಬ್ಬುಗಳು ಯಾವುವೂ ಅದನ್ನು ತಳಿ ಎಂದು ಒಪ್ಪಿಲ್ಲ. ಒಂದು ಸೂಲಿನಲ್ಲಿ ಎಲ್ಲಕ್ಕಿಂತ ಸೊರಗಿದ ಮರಿಗೆ ಇನ್ನೊಂದು ಸೊರಗಿದ ಮರಿಯನ್ನು ಕೂಡಿಸಿ, ತಲೆಮಾರಿನಿಂದ ತಲೆಮಾರಿಗೆ ಕುಗ್ಗಿಸುತ್ತಾ ಹೋಗುವುದು, ಇದೇ ಅದರ ಗುಟ್ಟು. ನಾವು ಕುರಿ ಮಂದೆಯಲ್ಲಿ ಸೊರಗಿದ ಟಗರನ್ನು ಬೀಜಕ್ಕೆ ಬಿಡುತ್ತೇವೆಯೇ? ಅಲ್ಲಿ ಅದಕ್ಕೇ ಹೆಚ್ಚು ದುಡ್ಡು.

ಇದರ ಫಲ ಅನುಭವಿಸುವುದು ನಾಯಿ. ಒಂದೆರಡು ಹೊತ್ತು ತಿನ್ನದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಬೀಳುತ್ತದೆ. ಮೊಣಕಾಲ ಚಿಪ್ಪು ಜಾರುತ್ತದೆ. ಶ್ವಾಸನಾಳ ಕುಸಿಯುತ್ತದೆ. ಕೆಲವಕ್ಕೆ ತಲೆಯಲ್ಲಿ ನೀರು ತುಂಬುತ್ತದೆ. ಮಂಚದಿಂದ ಹಾರಿದರೆ ಮೂಳೆ ಮುರಿಯುತ್ತದೆ. ಶೀತ ದೇಶದ ರೋಮದ ನಾಯಿಗೆ ನಮ್ಮ ಏಪ್ರಿಲ್ ಬಿಸಿಲು, ತಗಡಿನ ಮಾಡು. ಅದಕ್ಕೆ ಏರ್‌ಕೂಲರ್ ಇಡಬೇಕು, ಕರೆಂಟು ಇರಬೇಕು.

ಬೆಲೆ ಏರುವುದು ಹೇಗೆ?

ಗಾತ್ರ ಬೆಲೆ ಕಟ್ಟುವುದಿಲ್ಲ, ಸುದ್ದಿ ಕಟ್ಟುತ್ತದೆ. 2003ರಲ್ಲಿ ಹಚ್ ಫೋನ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಹೋಗುವ ಪಗ್ ನಾಯಿ ಬಂತು. ದೇಶಕ್ಕೆಲ್ಲಾ ಪಗ್ ಬೇಕಾಯಿತು, ಬೆಲೆ ಏರಿತು. ಕೆಲ ವರ್ಷಕ್ಕೆ ಅದೇ ಪಗ್‌ಗಳು ನಗರಗಳ ಬೀದಿಗೆ ಬಿದ್ದವು.

ಗಡಿಯಾಚೆಯ ಪುಂಗನೂರು ಹಸುವನ್ನೇ ನೋಡಿ. ಆಂಧ್ರದ ಚಿತ್ತೂರು ಜಿಲ್ಲೆಯ ಈ ಗಿಡ್ಡ ತಳಿ ಒಂದು ಮೀಟರಿಗಿಂತ ಎತ್ತರ ಬೆಳೆಯುವುದಿಲ್ಲ. 2024ರ ಸಂಕ್ರಾಂತಿಗೆ ಪ್ರಧಾನಿ ತಮ್ಮ ಮನೆಯಲ್ಲಿ ಈ ಹಸುಗಳಿಗೆ ಮೇವು ತಿನ್ನಿಸುವ ಚಿತ್ರ ಬಂದ ಮೇಲೆ ಕೇಳುವವರು ಹೆಚ್ಚಿದರು, ಲಕ್ಷಗಳ ಮಾತು ಸಾಮಾನ್ಯವಾಯಿತು. ನಮ್ಮದೇ ಮಲೆನಾಡು ಗಿಡ್ಡವೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅದೂ ರಾಷ್ಟ್ರೀಯ ಪಟ್ಟಿಗೆ ಸೇರಿದ ತಳಿಯೇ. ಅದರ ಬೆಲೆ ಇನ್ನೂ ಸಾವಿರಗಳಲ್ಲಿದೆ. ಹಸುವಾದರೆ ಬೆಲೆ ಬಿದ್ದ ಮೇಲೂ ಸಗಣಿ ಹಾಕುತ್ತದೆ, ಲೋಟ ಹಾಲು ಕೊಡುತ್ತದೆ. ಬೆಲೆ ಬಿದ್ದ ಅಂಗೈ ನಾಯಿ ಏನು ಕೊಡುತ್ತದೆ?

ಈ ಆಟ ನಮಗೆ ಹೊಸದಲ್ಲ. 2003ರ ಸುಮಾರಿಗೆ ವೆನಿಲ್ಲಾ ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಇತ್ತು. ಬಳ್ಳಿ ತುಂಡಿಗೂ ಜನ ಸಾಲು ನಿಂತರು. ಕೆಲವೇ ವರ್ಷದಲ್ಲಿ ಕೋಡಿನ ಬೆಲೆ ನೂರರ ಆಸುಪಾಸಿಗೆ ಬಂತು. ತಮಿಳುನಾಡಿನ ಪೆರುಂದುರೈ ಕಡೆ ಎಮು ಹಕ್ಕಿ ಸಾಕಿದವರ ಕಥೆ 2012ರಲ್ಲಿ ಮುಗಿಯಿತು. ಮರಿ ಕೊಟ್ಟ ಕಂಪನಿ ಬಾಗಿಲು ಹಾಕಿತು, ಹಕ್ಕಿಗಳು ಮೇವಿಲ್ಲದೆ ಸತ್ತವು. ಎರಡರಲ್ಲೂ ಲಾಭ ಮಾಡಿದವರು ಮೊದಲು ಬಳ್ಳಿ ಮಾರಿದವರು, ಮೊದಲು ಮರಿ ಮಾರಿದವರು. ಕೊಂಡವರಲ್ಲಿ ಬಹುಪಾಲು ಜನ ತಾವೂ ಮರಿ ಮಾಡಿ ಮಾರಲಿಕ್ಕೇ ಕೊಂಡವರು. ತಿನ್ನುವವನಿಲ್ಲದ, ಬಳಸುವವನಿಲ್ಲದ ಮಾಲಿನ ಬೆಲೆ ಮಾರುವವರ ನಡುವೆ ಕೈಬದಲಾಗುವ ತನಕ ಮಾತ್ರ ನಿಲ್ಲುತ್ತದೆ.

ಅದೇ ದುಡ್ಡಿಗೆ ಕುರಿ

1 ಲಕ್ಷ 60 ಸಾವಿರಕ್ಕೆ ಈಗಿನ ಸಂತೆ ಬೆಲೆಯಲ್ಲಿ ಹದಿಮೂರು ಹದಿನಾಲ್ಕು ಹೆಣ್ಣು ಕುರಿ ಬರುತ್ತವೆ. ಗರ್ಭ ಐದು ತಿಂಗಳು. ಮರಿಯನ್ನು ಊರಿನ ಸಂತೆಯಲ್ಲೇ ಕೇಳುತ್ತಾರೆ. ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರ. ವಿಮೆ ಇದೆ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕುರಿ, ಮೇಕೆ, ಕೋಳಿ, ಹಂದಿ ಘಟಕಗಳಿಗೆ ಅರ್ಧದಷ್ಟು ಸಹಾಯಧನ ಇದೆ. 2024ರಲ್ಲಿ ಕುದುರೆ, ಕತ್ತೆ, ಒಂಟೆಯನ್ನೂ ಸೇರಿಸಿದರು. ನಾಯಿ ಇಲ್ಲ. ಮಾರಾಟವಾಗದ ಕುರಿ ಹಬ್ಬಕ್ಕಾದರೂ ಆಗುತ್ತದೆ. ಮಾರಾಟವಾಗದ ನಾಯಿಯನ್ನು ಹತ್ತು ಹನ್ನೆರಡು ವರ್ಷ ಸಾಕಬೇಕು. ಸಾಕದೆ ಬೀದಿಗೆ ಬಿಡುವುದು ಪಾಪವೂ ಹೌದು, ಕಾನೂನಿನಲ್ಲಿ ಅಪರಾಧವೂ ಹೌದು.

ಕುರಿಯಲ್ಲೂ ಕಷ್ಟವಿದೆ, ನೀಲಿ ನಾಲಿಗೆ ರೋಗ ಬಂದ ವರ್ಷ ಮಂದೆಗಳೇ ಬರಿದಾಗಿವೆ. ಆದರೆ ಆ ಕಷ್ಟ ನಮಗೆ ಗೊತ್ತಿರುವ ಕಷ್ಟ, ಅದರ ಮದ್ದು ಊರಿಗೆ ಬರುತ್ತದೆ.

ಹಾಗಾದರೆ ನಾಯಿ ಸಾಕಿ ದುಡಿಯುವುದೇ ಬೇಡವೇ? ಹಾಗಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯಲ್ಲಿ ನೂರಾರು ಕುಟುಂಬಗಳು ಬೇಟೆನಾಯಿ ಸಾಕಿ ಮರಿ ಮಾರುತ್ತಿವೆ. ಅದು ನಮ್ಮ ಬಿಸಿಲಿಗೆ ಹುಟ್ಟಿದ ನಾಯಿ. ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. 2005ರಲ್ಲಿ ಅಂಚೆ ಚೀಟಿಯಾಯಿತು, ಆಮೇಲೆ ಸೈನ್ಯವೂ ತೆಗೆದುಕೊಂಡು ತರಬೇತಿ ಕೊಟ್ಟಿತು. ಅದನ್ನು ಕೊಳ್ಳುವವನಿಗೆ ನಾಯಿಯಿಂದ ಕೆಲಸವಿದೆ. ಕೆಲಸಕ್ಕೆ ಬಂದ ಬೆಲೆ ಒಂದೇ ಸಲಕ್ಕೆ ಬೀಳುವುದಿಲ್ಲ.

ದುಡ್ಡು ಬಿಚ್ಚುವ ಮುನ್ನ

ಅಂಗೈ ನಾಯಿ ತರಲೇಬೇಕು ಅನ್ನುವವರು ಇಷ್ಟು ಮಾಡಲಿ. ಮಾರುವವರ ನೋಂದಣಿ ಪತ್ರ ಕೇಳಿ. ತಾಯಿ ನಾಯಿಯನ್ನು ಕಣ್ಣಾರೆ ನೋಡಿ, ಮರಿಯನ್ನು ಪಶುವೈದ್ಯರಿಗೆ ತೋರಿಸಿ. "ಹೊರದೇಶದಿಂದ ತರಿಸಿದ್ದು, ಇದರಿಂದ ಮರಿ ಮಾಡಿ ಮಾರಬಹುದು" ಎಂದರೆ ನಂಬಬೇಡಿ, ವ್ಯಾಪಾರಕ್ಕಾಗಿ ಮರಿ ಮಾಡಿಸಲು ನಾಯಿ ಆಮದು ಮಾಡುವುದನ್ನು ಸರ್ಕಾರ 2016ರಲ್ಲೇ ನಿಲ್ಲಿಸಿದೆ. ಫೋನಿನಲ್ಲಿ ಫೋಟೋ ನೋಡಿ ಮುಂಗಡ ಹಾಕಬೇಡಿ. ಮೊದಲು ಮುಂಗಡ, ಆಮೇಲೆ ವಿಮಾನದ ಬಾಡಿಗೆ, ಆಮೇಲೆ ಪಂಜರದ ಠೇವಣಿ ಅಂತ ಕೀಳುತ್ತಾ ಹೋಗುತ್ತಾರೆ, ಮರಿ ಮಾತ್ರ ಬರುವುದಿಲ್ಲ. "ನಾವೇ ವಾಪಸ್ ಕೊಳ್ತೀವಿ" ಅನ್ನುವವರಿಂದ ಛಾಪಾ ಕಾಗದದಲ್ಲಿ ಬರೆಸಿಕೊಳ್ಳಿ. ಆಗಲೇ ಅರ್ಧ ಜನ ಜಾಗ ಖಾಲಿ ಮಾಡುತ್ತಾರೆ.

ಇನ್ನೊಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ. ಲಕ್ಷ ಕೊಟ್ಟು ನಾಯಿ ಸಾಕಲಿಕ್ಕೆಂದೇ ಕೊಳ್ಳುವ ಮನೆ ನಿಮಗೆ ಎಷ್ಟು ಗೊತ್ತು? ಹೆಸರು ಹೇಳಿ, ಬೆರಳು ಮಡಚಿ. ಮೊದಲ ಕೈಯ ಐದು ಬೆರಳು ಮಡಚುವಷ್ಟರಲ್ಲಿ ಹೆಸರು ಮುಗಿದರೆ, ಆ ವ್ಯಾಪಾರ ನಮ್ಮದಲ್ಲ.

ಶೋಕಿ ಇದ್ದವರು, ಶಕ್ತಿ ಇದ್ದವರು ಸಾಕಲಿ, ನಮ್ಮ ತಕರಾರಿಲ್ಲ. ನಮ್ಮ ತಕರಾರು ಒಂದೇ: ಸಂಘದ ಸಾಲ ತೆಗೆದು, ಮಂದೆ ಮಾರಿ ಈ ಜೂಜಿಗೆ ಇಳಿಯುವುದರ ಬಗ್ಗೆ. ಈಗಾಗಲೇ ಸಾಕಿ ನೋಡಿದ ಕೃಷಿಕರಿದ್ದರೆ ಖರ್ಚು, ಆದಾಯ ಎರಡನ್ನೂ ಮುಚ್ಚುಮರೆ ಇಲ್ಲದೆ ಪತ್ರಿಕೆಗೆ ಬರೆಯಿರಿ. ಲಾಭದ ಮಾತು ಎಲ್ಲರೂ ಹೇಳ್ತಾರೆ. ನಮಗೆ ಬೇಕಾಗಿರುವುದು ಲೆಕ್ಕದ ಪುಸ್ತಕ.