ಸೈಂಧವ ಲವಣ ತಿಂದರೆ ಬಿಪಿ ಏರುವುದಿಲ್ಲವೇ? ಉಪ್ಪು, ರಕ್ತದೊತ್ತಡ ಮತ್ತು ಕಿಡ್ನಿಯ ನಂಟು

‘ಬಿಳಿ ಉಪ್ಪು ಬಿಟ್ಟು ಸೈಂಧವ ಲವಣ ತಿನ್ನಿ, ಬಿಪಿ ಮಾತ್ರೆಯೇ ಬೇಕಾಗಿಲ್ಲ, ಕಿಡ್ನಿಯೂ ಶುದ್ಧವಾಗುತ್ತದೆ’ ಎನ್ನುವಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇದನ್ನು ನಂಬಿ ಮಾತ್ರೆ ನಿಲ್ಲಿಸಿದರೆ ಅಪಾಯ. ಏಕೆ ಎಂದು ನೋಡೋಣ.

ದೇಹದೊಳಗೆ ಏನಾಗುತ್ತದೆ?

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ. ದೇಹದ ಮಟ್ಟಿಗೆ ಅದು ಅಕ್ಷರಶಃ ನಿಜ. ಉಪ್ಪಿನಲ್ಲಿ ಸುಮಾರು 40% ಸೋಡಿಯಂ ಇರುತ್ತದೆ. ರಕ್ತದಲ್ಲಿ ಸೋಡಿಯಂ ಹೆಚ್ಚಾದರೆ ಬಾಯಾರಿಕೆಯಾಗುತ್ತದೆ, ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ರಕ್ತದ ಪ್ರಮಾಣ ಹೆಚ್ಚಿ, ರಕ್ತನಾಳಗಳ ಗೋಡೆಯ ಮೇಲೆ ಒತ್ತಡ ಏರುತ್ತದೆ.

ಹೆಚ್ಚುವರಿ ಸೋಡಿಯಂ ಹೊರಹಾಕುವ ಕೆಲಸ ಕಿಡ್ನಿಯದು. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ವರ್ಷಗಟ್ಟಲೆ ಒತ್ತಡ ಹೆಚ್ಚಿದ್ದರೆ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಹಾಳಾಗಿ, ಮೂತ್ರದಲ್ಲಿ ಪ್ರೋಟೀನ್ ಸೋರತೊಡಗುತ್ತದೆ. ಸೋತ ಕಿಡ್ನಿ ಸೋಡಿಯಂ ಅನ್ನು ಸರಿಯಾಗಿ ಹೊರಹಾಕಲಾರದು. ಬಿಪಿ ಮತ್ತಷ್ಟು ಏರುತ್ತದೆ. ಇವೆರಡೂ ಬಹುಕಾಲ ಯಾವ ಲಕ್ಷಣವನ್ನೂ ತೋರಿಸದೆ ಬೆಳೆಯಬಲ್ಲವು.

ಸೈಂಧವ ಲವಣ ಬೇರೆಯೇ?

ಬಣ್ಣ ಬೇರೆ, ಒಳಗಿರುವುದು ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಇತರ ಖನಿಜಗಳಿದ್ದರೂ ತೀರಾ ಅಲ್ಪ. ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ ಎಂಬುದು ಇನ್ನೊಂದು ಕೊರತೆ.

ತಟ್ಟೆಯಲ್ಲಿ ಉಪ್ಪು ಎಲ್ಲಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತೀಯರ ಸರಾಸರಿ ಸೇವನೆ 8 ಗ್ರಾಂ ಎಂದು ಕಂಡುಬಂದಿತ್ತು.

ಬಾದಾಮಿ ತಾಲ್ಲೂಕಿನ ಶಿವಯೋಗ ಮಂದಿರ, ಬನಶಂಕರಿ ಕಡೆಯ ಊಟವನ್ನೇ ನೋಡಿ. ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಉಪ್ಪು ಇರುವುದು ಪಕ್ಕದಲ್ಲಿ: ಶೇಂಗಾ ಚಟ್ನಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ಸಂಜೆಗೆ ಮಿರ್ಚಿ, ಚುರುಮುರಿ ಬೇರೆ. ಒಂದೊಂದರಲ್ಲಿ ‘ಸ್ವಲ್ಪವೇ’ ಎನಿಸಿದರೂ ಒಟ್ಟು ಲೆಕ್ಕ ದೊಡ್ಡದು. ಇದೇ ಅನುಕೂಲವೂ ಹೌದು. ರೊಟ್ಟಿ ಬಿಡಬೇಕಾಗಿಲ್ಲ, ಪಲ್ಯ, ಕಾಳು, ಹಸಿ ತರಕಾರಿ ಹೆಚ್ಚಿಸಿ, ಚಟ್ನಿ-ಉಪ್ಪಿನಕಾಯಿ ಕಡಿಮೆ ಮಾಡಿ, ಮಜ್ಜಿಗೆಗೆ ಉಪ್ಪು ಬೆರೆಸದೆ ಕುಡಿದರೆ ಸಾಕಷ್ಟು ವ್ಯತ್ಯಾಸವಾಗುತ್ತದೆ.

ಇವನ್ನು ಮರೆಯಬೇಡಿ

• ಉಪ್ಪು ಕಡಿಮೆ ಮಾಡುವುದು ಮಾತ್ರೆಗೆ ಪರ್ಯಾಯವಲ್ಲ. ವೈದ್ಯರನ್ನು ಕೇಳದೆ ಬಿಪಿ ಮಾತ್ರೆ ನಿಲ್ಲಿಸಬೇಡಿ.

• ‘ಲೋ ಸೋಡಿಯಂ’ ಉಪ್ಪಿನಲ್ಲಿ ಸಾಮಾನ್ಯವಾಗಿ ಸೋಡಿಯಂನ ಒಂದು ಭಾಗದ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಲ್ಲಿ ಅದು ರಕ್ತದಲ್ಲಿ ಹೆಚ್ಚಾಗಿ ಹೃದಯಬಡಿತಕ್ಕೇ ಅಪಾಯ ತರಬಹುದು. ಅಂಥವರು ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

• ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಒಟ್ಟಿನಲ್ಲಿ, ಬಿಪಿಯನ್ನು ನಿರ್ಧರಿಸುವುದು ಉಪ್ಪಿನ ಬಣ್ಣವಲ್ಲ, ಪ್ರಮಾಣ. ಮನೆಯ ಹಿರಿಯರಿಗೆ ಆ ಸಂದೇಶ ಬಂದಿದ್ದರೆ ಒಮ್ಮೆ ವಿಚಾರಿಸಿ: ಅವರು ಮಾತ್ರೆ ನಿಲ್ಲಿಸಿಲ್ಲ ತಾನೆ?